ಮೋತ್ಯಾನ ಗುಳಿಗೆ ಡಬ್ಬಿ

ನಾನು ಹುಟ್ಟಿದ್ದು ಬಿಸ್ಕತ್ತಿಗಾಗಿ, ಔಷಧಕ್ಕಲ್ಲ. ಚೌಕಾಕಾರದ ತಗಡಿನ ಡಬ್ಬಿ ನಾನು. ಮುಚ್ಚಳದ ಮೇಲೆ ಗುಲಾಬಿ ಹೂ, ಒಳಗೆಲ್ಲ ಬೆಣ್ಣೆಯ ಘಮ. ಒಂದು ದೀಪಾವಳಿಗೆ ಉಡುಗೊರೆಯಾಗಿ ಬೆಟಗೇರಿಯ ದುಂಡಪ್ಪನ ಮನೆ ಸೇರಿದೆ. ಮುಂದೆ ಅವನ ಹಿಟ್ಟಿನ ಗಿರಣಿ, ಹಿಂದೆ ಮನೆ. ನನ್ನೊಳಗಿನ ಬಿಸ್ಕತ್ತಿನಲ್ಲಿ ಅರ್ಧದಷ್ಟು ಗಿರಣಿಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ನಾಯಿಮರಿಯ ಹೊಟ್ಟೆಗೆ ಹೋಯಿತು. ಕೊಟ್ಟವಳು ದುಂಡಪ್ಪನ ಹೆಂಡತಿ ನೀಲಗಂಗವ್ವ. ಬಿಸ್ಕತ್ತು ಮುಗಿಯುವ ಹೊತ್ತಿಗೆ ಮರಿ ಮನೆಯೊಳಗೆ ಬಂದಾಗಿತ್ತು, ಮೋತ್ಯಾ ಎಂಬ ಹೆಸರೂ ಬಿದ್ದಿತ್ತು. ನನ್ನ ಮುಚ್ಚಳ ‘ಟಪ್’ ಎಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿತ್ತು.

ಆಮೇಲೆ ನನ್ನೊಳಗೆ ಮನೆಮಂದಿಯ ಗುಳಿಗೆಗಳು ಬಂದವು. ನನಗೇನೂ ಇಷ್ಟವಿರಲಿಲ್ಲ, ಆದರೆ ಡಬ್ಬಿಯನ್ನು ಯಾರು ಕೇಳುತ್ತಾರೆ? ನೀಲಗಂಗವ್ವನಿಗೆ ಒಂದು ಅಭ್ಯಾಸ. ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ಬಿಡಿಬಿಡಿಯಾಗಿ ಕತ್ತರಿಸಿ ಇಡುತ್ತಿದ್ದಳು. ಹೆಸರು ಚೂರುಚೂರಾದರೂ ಅವಳಿಗೆ ಚಿಂತೆಯಿಲ್ಲ, ಬಣ್ಣ ನೋಡಿಯೇ ಓಣಿಯವರಿಗೆಲ್ಲ ಕೊಡುತ್ತಿದ್ದಳು.

ಒಂದು ಮಳೆಗಾಲ ಮೋತ್ಯಾನಿಗೆ ಮೈಯೆಲ್ಲ ತುರಿಕೆ ಹತ್ತಿತು. ದನದ ದವಾಖಾನೆಯ ನದಾಫ ಡಾಕ್ಟರಬಾಯಿ ಮೊದಲು ತೂಕ ಕೇಳಿದರು. ದುಂಡಪ್ಪ ನಾಯಿಯನ್ನು ಎತ್ತಿಕೊಂಡು ಗಿರಣಿಯ ಕಾಟಾದ ಮೇಲೆ ನಿಂತ, ಆಮೇಲೆ ಒಬ್ಬನೇ ನಿಂತು ತನ್ನ ತೂಕ ಕಳೆದ. ಆ ತೂಕಕ್ಕೆ ತಕ್ಕಂತೆ ಡಾಕ್ಟರಬಾಯಿ ಹಳದಿ ಗುಳಿಗೆಯ ಒಂದು ಪಟ್ಟಿ ಕೊಟ್ಟರು. ರೊಟ್ಟಿಯ ತುಣುಕಿನಲ್ಲಿ ಸುತ್ತಿಕೊಟ್ಟರೆ ಮೋತ್ಯಾ ಗಪ್ಪನೆ ನುಂಗುತ್ತಿತ್ತು. ತುರಿಕೆ ಹೋಯಿತು. ಉಳಿದ ಗುಳಿಗೆಗಳನ್ನೂ ನೀಲಗಂಗವ್ವ ಕತ್ತರಿಸಿ ನನ್ನೊಳಗೆ ಹಾಕಿದಳು, ಅವಳ ನೆಗಡಿಯ ಗುಳಿಗೆಗಳ ಪಕ್ಕದಲ್ಲೇ. ಅವೂ ಹಳದಿಯವೇ.

ಮರುವರ್ಷ ತುರಿಕೆ ಮತ್ತೆ ಬಂತು. ಗೊತ್ತಿರುವ ಔಷಧಕ್ಕೆ ಮತ್ತೆ ಡಾಕ್ಟರು ಯಾಕೆ ಎಂದುಕೊಂಡು ನೀಲಗಂಗವ್ವ ನನ್ನೊಳಗೆ ಕೈಯಾಡಿಸಿದಳು. ಅವಳ ಬೆರಳು ಹಿಡಿದದ್ದು ನೆಗಡಿಯ ಗುಳಿಗೆಯನ್ನು. ನನಗೆ ಗೊತ್ತಿತ್ತು. ತಗಡಿಗೆ ಬಾಯಿಲ್ಲವಲ್ಲ ಎಂದು ಅಂದು ಪಟ್ಟ ಸಂಕಟ ಮತ್ತೆಂದೂ ಪಟ್ಟಿಲ್ಲ. ಮೋತ್ಯಾ ಅವಳ ಕೈಯಿಂದ ರೊಟ್ಟಿ ತಿಂದು ಬಾಲ ಅಲ್ಲಾಡಿಸಿತು.

ಸ್ವಲ್ಪ ಹೊತ್ತಿಗೆ ಅದು ನಿಂತಲ್ಲಿ ನಿಲ್ಲದೆ ತಿರುಗತೊಡಗಿತು. ಮೈ ನಡುಗಿತು, ಎದೆ ಡವಡವ ಬಡಿಯಿತು. ದುಂಡಪ್ಪ ಸ್ಕೂಟರ್ ತೆಗೆದ. ಹಿಂದೆ ಕುಳಿತ ನೀಲಗಂಗವ್ವನ ತೊಡೆಯ ಮೇಲೆ ಮೋತ್ಯಾ, ಸೆರಗಿನಲ್ಲಿ ನಾನು.

“ಏನ್ ಕೊಟ್ಟೀರಿ?” ಎಂದರು ಡಾಕ್ಟರಬಾಯಿ.

“ನೀವ ಕೊಟ್ಟಿದ್ದ ಹಳದಿ ಗುಳಿಗಿರಿ.”

ಡಾಕ್ಟರಬಾಯಿ ನನ್ನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮೋತ್ಯಾನಿಗೆ ಕೊಟ್ಟ ಗುಳಿಗೆ ಬಿಡಿಸಿದ್ದ ಪಟ್ಟಿಯ ಖಾಲಿ ಚೂರೂ ನನ್ನೊಳಗೇ ಇತ್ತು, ಯಾಕೆಂದರೆ ನೀಲಗಂಗವ್ವ ಏನನ್ನೂ ಬಿಸಾಡುವವಳಲ್ಲ. ಅದರ ಅಂಚಿಗೆ ಇನ್ನೊಂದು ಚೂರಿನ ಅಂಚು ಕೂಡಿಸಿದರು. ಒಡೆದ ಹೆಸರು ಒಂದಾಯಿತು.

“ಇದು ನಾ ಕೊಟ್ಟದ್ದಲ್ಲವ್ವಾ. ಇದು ಮಂದಿ ನೆಗಡಿ ಗುಳಿಗಿ. ಇದರಾಗ ಅಲರ್ಜಿ ಔಷಧದ ಜೋಡಿ ಕಟ್ಟಿದ ಮೂಗು ಬಿಡಸೋದೂ ಕೂಡೇತಿ. ನಾಯಿಗೆ ಅದು ವಿಷ ಇದ್ದಂಗ. ಡಬ್ಬಿ ತಂದದ್ದು ಚಲೋ ಆತು.”

ಇಂಜೆಕ್ಷನ್ ಆಯಿತು, ಸಲೈನ್ ಆಯಿತು. ಸಂಜೆಗೆ ಮೋತ್ಯಾ ಕಣ್ಣು ಮುಚ್ಚಿ ಮಲಗಿತು, ಉಸಿರು ಸಮವಾಗಿ ಆಡುತ್ತಿತ್ತು.

ಮನೆಗೆ ಬಂದ ಮೇಲೆ ನೀಲಗಂಗವ್ವ ಅದಕ್ಕೆ ರೊಟ್ಟಿ ಹಾಕುವುದನ್ನೇ ಬಿಟ್ಟಳು. “ನನ್ನ ಕೈಯಾಗಿಂದ ಅದಕ್ಕ ಇನ್ನ ಏನೂ ಬ್ಯಾಡ,” ಎಂದು ಗಂಡನಿಗೆ ಹೇಳಿದಳು. ಮನೆಮಂದಿಯ ಗುಳಿಗೆಗಳೆಲ್ಲ ಬೇರೆ ಡಬ್ಬಿಗೆ ಹೋದವು. ನನ್ನೊಳಗೆ ಉಳಿದದ್ದು ಮೋತ್ಯಾನ ಔಷಧ ಮಾತ್ರ. ಅದೂ ಡಾಕ್ಟರಬಾಯಿ ಹೊಸದಾಗಿ ಕೊಟ್ಟ ಇಡೀ ಪಟ್ಟಿ, ಹೆಸರು ಸಮೇತ.

ತುರಿಕೆ ಮತ್ತೆ ಬಂದಾಗ ದುಂಡಪ್ಪ ಡಾಕ್ಟರಬಾಯಿಗೆ ಫೋನು ಮಾಡಿದ, ನಾಯಿಯನ್ನು ಮತ್ತೆ ತೂಗಿದ. ಆಮೇಲೆ ನನ್ನನ್ನು ಹೆಂಡತಿಯ ಮುಂದಿಟ್ಟು, “ನೀನ ಕೊಡು,” ಎಂದ. ಅವಳು ಹೆಸರನ್ನು ಅಕ್ಷರ ಕೂಡಿಸಿ ಓದಿದಳು, ಮತ್ತೊಮ್ಮೆ ಓದಿದಳು. ಅಷ್ಟರಲ್ಲೇ ‘ಟಪ್’ ಸದ್ದಿಗೆ ಓಡಿ ಬಂದ ಮೋತ್ಯಾ, ರೊಟ್ಟಿ ಕಾಣುವ ಮೊದಲೇ ಅವಳ ಮೊಣಕಾಲ ಮೇಲೆ ಗದ್ದವಿಟ್ಟು ಬಾಯಿ ತೆರೆದಿತ್ತು. ನೀಲಗಂಗವ್ವ ಅತ್ತಳು. ನನ್ನ ಮುಚ್ಚಳದ ಗುಲಾಬಿಗಳ ಮೇಲೂ ನಾಲ್ಕು ಹನಿ ಬಿದ್ದವು.

ಮೋತ್ಯಾ ಬಹಳ ವರ್ಷ ಬಾಳಿ, ಮುದಿಯಾಗಿ, ಗಿರಣಿಯ ಬಾಗಿಲಲ್ಲೇ ಮಲಗಿದಂತೆ ಹೋಯಿತು. ಉಳಿದ ಗುಳಿಗೆಗಳನ್ನು ನೀಲಗಂಗವ್ವ ಡಾಕ್ಟರಬಾಯಿಗೇ ಕೊಟ್ಟು ಬಂದಳು. ನನ್ನ ತಳಕ್ಕೆ ಈಗ ತುಕ್ಕು ಹಿಡಿದಿದೆ, ಒಳಗೆ ಸೂಜಿ ದಾರ ಇಟ್ಟಿದ್ದಾಳೆ. ಮುಚ್ಚಳ ‘ಟಪ್’ ಎಂದಾಗಲೆಲ್ಲ ಅವಳು ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ. ಮುಚ್ಚಳ ತೆಗೆದ ಕೈ, ಮೋತ್ಯಾ ಗದ್ದವಿಟ್ಟಿದ್ದ ಮೊಣಕಾಲ ಮೇಲೆ ತುಸು ಹೊತ್ತು ಹಾಗೇ ಇರುತ್ತದೆ. ಆಮೇಲೆ ದಾರ ಪೋಣಿಸುತ್ತಾಳೆ.