ಐದು ತಿಂಗಳ ಟು-ಲೆಟ್ ಬೋರ್ಡು

ಅಪ್ಪ ಮನೆಯನ್ನು ಸರಿಯಾಗಿ ಎರಡು ಪಾಲು ಮಾಡಿ ನನಗೊಂದು, ತಂಗಿಗೊಂದು ಕೊಟ್ಟರು. ಕೆಳಗೆ ನಾವಿರುವುದು, ಮೇಲೆ ಬಾಡಿಗೆಗೆ ಒಂದೊಂದು ಮನೆ. ಅದೇ ಹಾಲ್, ಅದೇ ಅಡುಗೆಮನೆ, ನಲ್ಲಿಗಳು ಕೂಡ ಒಂದೇ ಅಂಗಡಿಯವು. ಆದರೂ ಅವಳ ಮನೆ ಒಂದು ವಾರ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ನನ್ನ ಗೇಟಿಗೆ ಟು-ಲೆಟ್ ಬೋರ್ಡು ಹಾಕಿ ಐದು ತಿಂಗಳಾಯಿತು. ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ. ಚಿಕ್ಕಂದಿನಲ್ಲಿ ನನ್ನ ಗೆಳತಿಯರು ಮನೆಗೆ ಬಂದರೆ ಹತ್ತು ನಿಮಿಷದಲ್ಲಿ ಅವಳ ಗೆಳತಿಯರಾಗಿಬಿಡುತ್ತಿದ್ದರು.

ನಮ್ಮ ಯಜಮಾನರು ಕಡ್ಡಿ ಮುರಿದಂತೆ ಹೇಳಿದರು: “ಈ ಭಾನುವಾರದೊಳಗೆ ಯಾರೂ ಬರ್ಲಿಲ್ಲಾಂದ್ರೆ ಕೀ ನಿನ್ನ ತಂಗಿ ಕೈಗೆ. ಅವಳೇ ತೋರಿಸ್ಲಿ.”

ಅದಕ್ಕಿಂತ ಮನೆ ಜೇಡರ ಬಲೆ ಕಟ್ಟಿಕೊಂಡು ಬಿದ್ದಿರಲಿ ಎನ್ನಿಸಿತು.

ಅವಳು ಮನೆ ತೋರಿಸುವುದನ್ನು ನಾನು ಮೆಟ್ಟಿಲ ಮೇಲೆ ನಿಂತು ಕದ್ದು ಕೇಳಿದ್ದೇನೆ. ಮೊದಲು ಕಿಟಕಿ ತೆಗೆಯುತ್ತಾಳೆ. ಆಮೇಲೆ ಮನೆಯ ಹುಳುಕನ್ನೆಲ್ಲ ತಾನೇ ಹೇಳುತ್ತಾಳೆ. “ಮಧ್ಯಾಹ್ನ ಅಡುಗೆಮನೆ ಸೆಕೆ ಕಣ್ರೀ. ಬಚ್ಚಲ ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು.” ಬಂದವರು ತಲೆದೂಗಿ ಒಪ್ಪಿಕೊಳ್ಳುತ್ತಾರೆ. ಇಷ್ಟೇ ತಾನೆ, ನನಗೂ ಬರುತ್ತದೆ ಎಂದುಕೊಂಡೆ.

ಶನಿವಾರ ಗಂಡ ಹೆಂಡತಿ ಬಂದರು. ಹೆಂಡತಿ ಶಾಲೆಯಲ್ಲಿ ಟೀಚರು. ಕಿಟಕಿ ತೆಗೆದೆ. ಹುಳುಕು ಹೇಳೋಣವೆಂದರೆ, ನಾನೇ ಮಂಡಿಯೂರಿ ಉಜ್ಜಿ ತೊಳೆದ ಮನೆ, ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಬಂದದ್ದು ಇದು:

“ಮನೇಲೇನೂ ತೊಂದ್ರೆ ಇಲ್ಲಮ್ಮ. ಪಕ್ಕದ ಮನೆಯವಳದ್ದೇ ಸ್ವಲ್ಪ ಕಷ್ಟ. ಮಾತೆಲ್ಲ ಬೆಣ್ಣೆ, ಒಳಗೆ ಬೇರೇನೇ. ಹುಷಾರಾಗಿರ್ಬೇಕು.”

ಟೀಚರಮ್ಮ ಗಂಡನ ಮುಖ ನೋಡಿದಳು. “ಅವ್ರೇ ನಮ್ಮನ್ನ ಇಲ್ಲಿಗೆ ಕಳಿಸಿದ್ದು. ನಮ್ಮದು ಖಾಲಿ ಇಲ್ಲ, ನಮ್ಮಕ್ಕನ ಮನೆ ನೋಡಿ, ನಮ್ಮದಕ್ಕಿಂತ ಗಾಳಿ ಬೆಳಕು ಚೆನ್ನಾಗಿದೆ ಅಂದ್ರು.”

ಯೋಚನೆ ಮಾಡಿ ಹೇಳುತ್ತೇವೆಂದು ಇಬ್ಬರೂ ಇಳಿದು ಹೋದರು. ನಾನು ಕಿಟಕಿ ಮುಚ್ಚಿದೆ.

ಭಾನುವಾರ ಯಜಮಾನರು ಬೀಗದ ಕೈ ತೆಗೆದುಕೊಂಡು ಪಕ್ಕದ ಮನೆಗೆ ಹೋದರು. ತಂಗಿ ಯಾರಿಗೋ ಫೋನ್ ಮಾಡಿದಳು. ಸಂಜೆಗೆ ಅದೇ ಗಂಡ ಹೆಂಡತಿ ನನ್ನ ಮನೆಯೊಳಗಿದ್ದರು, ಅವಳ ಜೊತೆ. ನಾನು ಮೆಟ್ಟಿಲ ಮೇಲೆ.

“ಅಡುಗೆಮನೆ ಸೆಕೆ,” ಎನ್ನುತ್ತಿದ್ದಳು. “ಇನ್ನು ನಮ್ಮಕ್ಕ. ಬಾಯಿ ಜೋರು, ನನ್ನ ಕಂಡ್ರೆ ಆಗಲ್ಲ. ಆದ್ರೆ ಹಿಂದೆ ಇಲ್ಲಿದ್ದವರು ಜ್ವರ ಬಂದು ಮಲಗಿದಾಗ ಎಂಟು ದಿನ ಊಟ ಹೊತ್ತುಕೊಂಡು ಈ ಮೆಟ್ಟಿಲು ಹತ್ತಿದ್ದು ಅವಳೇ.”

ಅದು ನಿಜ. ಆದರೆ ನನ್ನ ಒಳ್ಳೆಯತನವನ್ನೂ ಅವಳೇ ಹೇಳಬೇಕೆ? ಮೈಯೆಲ್ಲ ಉರಿದುಹೋಯಿತು.

“ಹಾಗಾದ್ರೆ ಬರ್ತೀರಾ?” ಎಂದು ಒಳಗೆ ತಂಗಿ ಕೇಳಿದಳು. ಯಾರಾದರೂ ಒಪ್ಪಿಕೊಳ್ಳಲಿ ಎಂದು ಐದು ತಿಂಗಳು ಕಂಡ ದೇವರಿಗೆಲ್ಲ ಕೈಮುಗಿದವಳು ನಾನು. ಈಗ ಅಲ್ಲೇ ಕಂಬಿ ಹಿಡಿದು ನಿಂತು, ಬೇಡ ಅನ್ನಲಿ, ದೇವರೇ, ಬೇಡ ಅನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಟೀಚರಮ್ಮ ಹೂಂ ಅಂದಳು.