ಟೀಚರ್ ರುಜು

ಶವಪೆಟ್ಟಿಗೆಗೆ ಜಾಗ ಮಾಡಲು ಗಂಡಸರು ಪಿಯಾನೋವನ್ನು ಗೋಡೆಯ ಕಡೆ ತಳ್ಳುತ್ತಿದ್ದಾಗಲೇ ನೊಯೆಮಿ ರಾಜಧಾನಿ ಸಾನ್ ಹುವಾನ್‌ನಿಂದ ಬಂದು ಹೊಸ್ತಿಲಲ್ಲಿ ನಿಂತಳು.

"ಮೆಲ್ಲಗೆ ಕಣ್ರಪ್ಪಾ, ಶ್ರುತಿ ಕೆಟ್ಟೋಗುತ್ತೆ. ಇವಳು ನುಡಿಸ್ಬೇಕು," ಎಂದು ಬಲ್ಬೀನಾ ಗದರಿದಳು. ಸತ್ತವಳ ತಂಗಿ ಅವಳು, ಎಂಬತ್ತರ ಮುದುಕಿ.

ಸತ್ತವಳು ಒತೀಲಿಯಾ ಟೀಚರ್. ಪೋನ್ಸೆ ಊರಿನ ಹೆಣ್ಣುಮಕ್ಕಳಿಗೆ ಐವತ್ತು ವರ್ಷ ಪಿಯಾನೋ ಕಲಿಸಿದವಳು. ಶಿಷ್ಯೆಗೆ ಹದಿನೈದು ತುಂಬಿದ ದಿನ, ಅವಳು ಅಪ್ಪನ ಕೈಹಿಡಿದು ಕುಣಿಯಲೆಂದು ಒಂದು ದಾನ್ಸಾ, ಆ ನಾಡಿನ ಕುಣಿತದ ಮಟ್ಟು, ಬರೆದುಕೊಡುತ್ತಿದ್ದಳು. ಇರುವುದೊಂದೇ ಪ್ರತಿ, ಅದೂ ಶಿಷ್ಯೆಗೇ. ಹಾಳೆಯ ಮೇಲೆ ಹುಡುಗಿಯ ಹೆಸರಿರುತ್ತಿತ್ತು, ಟೀಚರದ್ದಲ್ಲ. ಆದರೆ ಎಲ್ಲ ದಾನ್ಸಾಗಳೂ ಒಂದೇ ರೀತಿ ಮುಗಿಯುತ್ತಿದ್ದವು: ಎಡಗೈಯಲ್ಲಿ ಮೆತ್ತಗೆ ಮೂರು ಮಂದ್ರ ಸ್ವರ. ಅದೇ ನನ್ನ ರುಜು ಎನ್ನುತ್ತಿದ್ದಳು.

ಈಗ ಶಿಷ್ಯೆಯರೆಲ್ಲ ಹಳದಿಗಟ್ಟಿದ ತಮ್ಮ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಫಿ, ಚೀಸು, ಬಿಸ್ಕತ್ತು ಕೈಯಿಂದ ಕೈಗೆ ಸಾಗುತ್ತಿತ್ತು. ಜೊತೆಯಲ್ಲಿ ಕಲಿತ ಇರ್ಮಾ ಸರಿದು ಜಾಗ ಕೊಟ್ಟಳು.

"ನಿನ್ ಹಾಳೆ ಎಲ್ಲೇ?"

"ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು ಕಣೆ," ಎಂದಳು ನೊಯೆಮಿ. ಹಾಳೆ ಅವಳ ಕೈಚೀಲದಲ್ಲೇ ಇತ್ತು.

*

ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ನೊಯೆಮಿ ರಾಜಧಾನಿಯ ಸ್ಪರ್ಧೆಯೊಂದಕ್ಕೆ, ಟೀಚರ್ ತನಗೆ ಬರೆದುಕೊಟ್ಟಿದ್ದ ದಾನ್ಸಾವನ್ನು ನಕಲು ಮಾಡಿ ಕಳಿಸಿದ್ದಳು. ಕೊನೆಯ ಮೂರು ಸ್ವರ ಕಿತ್ತುಹಾಕಿ, ಅಬ್ಬರದ ಮುಕ್ತಾಯವೊಂದನ್ನು ಅಂಟಿಸಿ, ಕೆಳಗೆ ತನ್ನ ಹೆಸರು ಬರೆದಿದ್ದಳು. ನನಗೆ ಕೊಟ್ಟದ್ದು ನನ್ನದೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೊದಲ ಬಹುಮಾನ ಬಂತು. ಆಮೇಲೆ ರೇಡಿಯೋ, ಮದುವೆಮನೆ, ಎಲ್ಲೆಲ್ಲೂ ಅದೇ.

ಊರಿಗೆ ಬಂದಾಗ ಟೀಚರ್ ಕಾಫಿ ಕೊಟ್ಟು, ನುಡಿಸು ಎಂದಳು. ಕಣ್ಣುಮುಚ್ಚಿ ಪೂರ್ತಿ ಕೇಳಿದಳು.

"ಕೊನೇಲಿ ಸ್ವಲ್ಪ ಅವಸರ ಆಯ್ತು, ಮಗಳೇ," ಎಂದಳು. ಅಷ್ಟೇ.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ನೊಯೆಮಿ ಮತ್ತೆ ಹತ್ತೊಂಬತ್ತು ವರ್ಷ ಆ ಬೀದಿಗೆ ಕಾಲಿಡಲಿಲ್ಲ.

*

ಪಾದ್ರಿ ಪ್ರಾರ್ಥನೆ ಮುಗಿಸಿ, ನಮ್ಮೂರಿನ ಹೆಮ್ಮೆಯ ಸಂಗೀತಗಾರ್ತಿ ಈಗ ಸ್ವಂತ ರಚನೆಯಿಂದ ಗುರುವನ್ನು ಬೀಳ್ಕೊಡುತ್ತಾಳೆ ಎಂದರು. ನೊಯೆಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇರೆ ಏನಾದರೂ ನುಡಿಸುತ್ತೇನೆ ಎಂದು ಗೊಣಗಿದಳು.

ಬಲ್ಬೀನಾ ಬಿಡಲಿಲ್ಲ. "ಅದನ್ನೇ ನುಡಿಸಮ್ಮಾ. ರೇಡಿಯೋದಲ್ಲಿ ಬಂದಾಗೆಲ್ಲ ಅಕ್ಕ ಒಲೆ ಆರಿಸಿ ಬಂದು ಕೇಳೋಳು."

ಈಗಲಾದರೂ ಹೇಳಿಬಿಡಬೇಕು, ಇದು ಟೀಚರದ್ದು ಎನ್ನಬೇಕು. ನೊಯೆಮಿ ಬಾಯಿ ತೆರೆದಳು. ಪಾದ್ರಿ ಕಾದರು. ನಾಚಿಕೆಯಿಂದ ಕಿವಿ ಸುಡುತ್ತಿರುವಾಗಲೇ ಪಿಯಾನೋ ಮುಂದೆ ಕೂತು ನುಡಿಸತೊಡಗಿದಳು.

ಬೆರಳುಗಳು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವು. ಆದರೆ ತಾನು ಅಂಟಿಸಿದ ಅಬ್ಬರದ ಜಾಗ ಬಂದಾಗ ಕೈ ಏಳಲಿಲ್ಲ. ನಿಲ್ಲಿಸಿಬಿಟ್ಟಳು. ಹೆದರುತ್ತಲೇ ತಿರುಗಿ ನೋಡಿದಳು.

ಯಾರೂ ಅವಳತ್ತ ನೋಡುತ್ತಿರಲಿಲ್ಲ. ಇರ್ಮಾಳ ಬಲಗೈಯಲ್ಲಿ ಅರ್ಧ ತಿಂದ ಬಿಸ್ಕತ್ತು ಹಾಗೇ ಇತ್ತು. ಎಡಗೈ ಮಡಿಲಲ್ಲಿದ್ದ ಹಾಳೆಯ ಮೇಲಿತ್ತು. ಅವಳ ಪಕ್ಕದವಳದ್ದೂ, ಹಿಂದಿನ ಸಾಲಿನವರದ್ದೂ ಹಾಗೆಯೇ. ಆ ಎಡಗೈಗಳೆಲ್ಲ ಒಟ್ಟಿಗೆ, ಸದ್ದಿಲ್ಲದೆ, ಮೂರು ಸಲ ಒತ್ತಿದವು.