ಚಾವಣಿಗೆ ಕಟ್ಟಿದ ಪ್ರೊಜೆಕ್ಟರ್

ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡ ದಿನ ನಮ್ಮ ಮನೆಯಲ್ಲಿ ಎರಡು ಸಂಗತಿಗಳು ನಿಂತುಹೋದವು. ಒಂದು ಅವರ ಬೈಗುಳ, ಇನ್ನೊಂದು ನನ್ನ ನೌಕರಿ. ಬೈಗುಳ ವಾರದೊಳಗೆ ಮತ್ತೆ ಶುರುವಾಯಿತು. ನೌಕರಿಯ ಕಥೆ ಹೇಳಲೆಂದೇ ಕೂತಿದ್ದೇನೆ. ನಡುವೆ ನನ್ನ ಪಿತ್ತ ನೆತ್ತಿಗೇರಿದರೆ ಸ್ವಲ್ಪ ಸಹಿಸಿಕೊಳ್ಳಿ.

ನಾನು ಟಿವಿ, ರೇಡಿಯೊ, ಮಿಕ್ಸಿ ರಿಪೇರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸದಾ ತಂತಿ ಬೆಸೆಯುತ್ತ ಕೂತಿರುವ ನನ್ನನ್ನು ಬೀದಿಯವರೆಲ್ಲ ಕರೆಯುವುದು ‘ಸೋಲ್ಡರ್ ಅಕ್ಕ’ ಎಂದು. ಈಚೆಗೆ ಟಿವಿ ಕೆಟ್ಟರೆ ಜನ ಹೊಸದನ್ನೇ ತರುತ್ತಾರೆ, ಹಾಗಾಗಿ ಅಂಗಡಿಯಲ್ಲಿ ನೊಣ ಹೊಡೆಯುವುದೇ ಹೆಚ್ಚಾಗಿತ್ತು. ಅಂಥ ಹೊತ್ತಿನಲ್ಲಿ ಪಕ್ಕದ ಊರಿನ ದೊಡ್ಡ ಆಸ್ಪತ್ರೆಯ ಯಂತ್ರ ರಿಪೇರಿ ವಿಭಾಗಕ್ಕೆ ಜನ ಬೇಕೆಂದು ತಿಳಿದು ಹೋಗಿದ್ದೆ. ರೋಗಿಯ ಎದೆಬಡಿತ ತೋರಿಸುವ ಒಂದು ಸತ್ತ ಪರದೆಯನ್ನು ನನ್ನ ಮುಂದಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಉಸಿರಾಡತೊಡಗಿತು. ಅಲ್ಲಿನ ಮುಖ್ಯಸ್ಥರು ಕನ್ನಡಕ ತೆಗೆದು, “ಯಾವಾಗಿಂದ ಬರ್ತೀರಮ್ಮ?” ಎಂದು ಕೇಳಿದರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರಬಹುದಾದ ಕೆಲಸ.

ಅದೇ ವಾರ ಅತ್ತೆ ಬಿದ್ದರು.

ಅಲುಗಾಡದೆ ಅಂಗಾತ ಮಲಗಿರಬೇಕು, ಕೂರಬಾರದು, ಬಗ್ಗಬಾರದು ಎಂದರು ಡಾಕ್ಟರು. ನನ್ನ ಗಂಡನಿಗೆ ಮುದ್ರಣಾಲಯದಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ಬೆರಳಿಗೆಲ್ಲ ಮಸಿ ಮೆತ್ತಿಕೊಂಡು ಬರುವವರು. ಅತ್ತೆಯ ಮಗ್ಗುಲು ಬದಲಾಯಿಸುವವರು ಯಾರು, ಬೆಡ್‌ಪ್ಯಾನ್ ಇಡುವವರು ಯಾರು? ನಾನು. ಆಸ್ಪತ್ರೆಗೆ ಫೋನ್ ಮಾಡಿದೆ. ಮುಖ್ಯಸ್ಥರು ಒಳ್ಳೆಯವರು. “ಕಾಯ್ತೀವಿ, ಆದ್ರೆ ತುಂಬಾ ದಿನ ಆಗಲ್ಲ” ಎಂದರು.

ಅತ್ತೆಗೆ ನೋವಿಗಿಂತ ದೊಡ್ಡ ಕಾಟ ಚಾವಣಿಯದಾಗಿತ್ತು. ಗೋಡೆಯ ಟಿವಿ ನೋಡಲು ಕತ್ತೆತ್ತುವಂತಿಲ್ಲ.

“ಮೇಲಿರೋ ಆ ಹಲ್ಲಿಗೂ ನನಗೂ ಮಾತು ಮುಗೀತು ಕಣೆ. ಅದಕ್ಕೆ ಮಕ್ಕಳೆಷ್ಟು ಅಂತಾನೂ ಕೇಳಾಯ್ತು” ಎಂದರು ಒಂದು ದಿನ.

ನನಗೆ ನಗು ಬಂತು, ಆಮೇಲೆ ಪಾಪ ಅನಿಸಿತು. ಟಿವಿಯ ಕಡೆಗೆ ಅವರನ್ನು ತಿರುಗಿಸಲಾಗದಿದ್ದರೆ ಚಿತ್ರವನ್ನೇ ಅವರಿರುವ ಕಡೆಗೆ ಕಳಿಸಿದರಾಯಿತು ಎಂದುಕೊಂಡೆ. ಅಂಗಡಿಯಲ್ಲಿ ಕೊಳ್ಳುವ ಪ್ರೊಜೆಕ್ಟರ್ ನಮ್ಮ ಕೈಗೆಟುಕುವ ಮಾತಲ್ಲ. ಆದರೆ ಅದರ ಹೊಟ್ಟೆಯಲ್ಲಿರುವುದು ಏನು ಮಹಾ? ಹಿಂದೆ ಒಂದು ಜೋರು ದೀಪ, ನಡುವೆ ಬೆಳಕು ಹಾಯುವ ಪರದೆ, ಮುಂದೆ ಒಂದು ಮಸೂರ.

ಪರದೆ ಮನೆಯಲ್ಲೇ ಇತ್ತು. ಕಾರಿನಲ್ಲಿ ಹಾಕಿಕೊಳ್ಳುವ ಪುಟ್ಟ ವಿಡಿಯೊ ಪ್ಲೇಯರ್ ಒಂದನ್ನು ಯಾರೋ ರಿಪೇರಿಗೆ ಕೊಟ್ಟವರು ಮರಳಿ ಬಂದಿರಲೇ ಇಲ್ಲ. ಅಂಗಡಿಯ ಬೋರ್ಡಿಗೆ ಹಾಕಿದ್ದ ಫ್ಲಡ್‌ಲೈಟನ್ನು ಬಿಚ್ಚಿದೆ, ಹೇಗಿದ್ದರೂ ಆ ಬೋರ್ಡ್ ನೋಡಿ ಬರುವ ಗಿರಾಕಿ ಯಾರಿದ್ದರು? ಪತ್ರಿಕೆ ಓದಲು ಅತ್ತೆ ಇಟ್ಟುಕೊಂಡಿದ್ದ, ಅಕ್ಷರ ದೊಡ್ಡದು ಮಾಡುವ ಪ್ಲಾಸ್ಟಿಕ್ ಹಾಳೆ ಬೆಳಕನ್ನು ಒಟ್ಟುಗೂಡಿಸಲು ಒದಗಿತು. ಮಸೂರ ಮಾತ್ರ ಇರಲಿಲ್ಲ. ಗುಜರಿಯವನ ಬಳಿ ಕೆಟ್ಟ ಜೆರಾಕ್ಸ್ ಯಂತ್ರ ಬಿದ್ದಿತ್ತು.

“ಅಕ್ಕ, ಪೂರಾ ಯಂತ್ರ ತಗೊಂಡ್ಹೋಗಿ, ನನಗೆ ಜಾಗ ಆಗುತ್ತೆ” ಎಂದ ಅವನು.

“ನನಗೆ ಅದರ ಕಣ್ಣು ಸಾಕು. ಹೆಣ ನೀನೇ ಇಟ್ಕೋ” ಎಂದು ಮಸೂರವನ್ನಷ್ಟೇ ಕಿತ್ತು ತಂದೆ.

ಪೆಟ್ಟಿಗೆಯಾದದ್ದು ಒಂದು ಹಳೆಯ ಸ್ಪೀಕರ್ ಡಬ್ಬ. ತೂತು ಕೊರೆಯಲು ಡ್ರಿಲ್ ಇರಲಿಲ್ಲ. ಕಬ್ಬಿಣದ ಸರಳನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ಒತ್ತಿ ಒತ್ತಿ ಸುಟ್ಟೆ, ಅರ್ಧಕ್ಕೆ ಮುರಿದ ಗರಗಸದ ಅಲಗಿಗೆ ಬಟ್ಟೆ ಸುತ್ತಿ ಉಳಿದದ್ದನ್ನು ಕೊಯ್ದೆ. ಮನೆಯೆಲ್ಲ ಸುಟ್ಟ ಮರದ ವಾಸನೆ. “ನನ್ನನ್ನ ಬದುಕಿರೋವಾಗ್ಲೇ ಸುಡ್ತಿದ್ದೀಯಾ?” ಎಂದು ಅತ್ತೆ ಒಳಗಿನಿಂದ ಕೂಗಿದರು.

ಆಮೇಲಿನ ಕೆಲಸವನ್ನೆಲ್ಲ ಅವರ ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತು ಮಾಡಿದೆ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿ ಅವರ ಹೊಟ್ಟೆಯ ಮೇಲೆ ಇಡುತ್ತಿದ್ದೆ, ಕಾವಲಿಗೆ.

“ಅತ್ತೆ, ಉಸಿರು ಮೆಲ್ಲಗೆ ಬಿಡಿ. ಸ್ಕ್ರೂ ಕುಣೀತಿವೆ.”

“ಪೂರ್ತಿ ಬಿಡೋದೇ ನಿಲ್ಲಿಸ್ಲಾ? ನಿನಗೆ ನೌಕರಿಗೆ ಹೋಗೋಕೂ ದಾರಿಯಾಗುತ್ತೆ.”

ಇಬ್ಬರೂ ನಕ್ಕೆವು, ತಟ್ಟೆ ಉರುಳಿ ಸ್ಕ್ರೂಗಳು ಮಂಚದಡಿ ಚೆಲ್ಲಿದವು. ಪರದೆಯ ಬೆನ್ನಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸುವಾಗ ಕೂದಲೆಳೆಯಂಥ ತಂತಿಗಳು ಕಿತ್ತುಹೋದರೆ ಎಲ್ಲ ಮುಗಿದಂತೆಯೇ. ಆಗ ಅತ್ತೆ ನಿಜಕ್ಕೂ ಉಸಿರು ಹಿಡಿದಿದ್ದರು. ಮದುವೆಯಾಗಿ ಬಂದ ಮೇಲೆ ನಾನೂ ಅವರೂ ಒಂದೇ ಕೆಲಸಕ್ಕೆ ಹೀಗೆ ಉಸಿರು ಹಿಡಿದದ್ದು ಅದೇ ಮೊದಲು.

ಮೊದಲ ಸಲ ದೀಪ ಹಾಕಿದಾಗ ಚಾವಣಿಯ ಮೇಲೆ ಚಿತ್ರ ಬಂತು, ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದು. “ಓದಿದವರ ಮನೆಯ ಯಂತ್ರ ನೋಡು” ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆಯ ಮುಖವನ್ನು ದೀಪದ ಕಡೆಗೆ ತಿರುಗಿಸಿ ಕೂರಿಸಿದೆ, ಸರಿಹೋಯಿತು. ಸ್ವಲ್ಪ ಹೊತ್ತಿಗೆ ನಡುವೆ ಕಪ್ಪು ಮಚ್ಚೆಯೊಂದು ಹರಡತೊಡಗಿತು. ಶಾಖಕ್ಕೆ ಪರದೆ ಕರಿಯಾಗುತ್ತಿತ್ತು. ಪೆಟ್ಟಿಗೆ ತಂಪಾಗಿರಲೆಂದು ಕೂರಿಸಿದ್ದ ಹಳೆಯ ಕಂಪ್ಯೂಟರಿನ ಫ್ಯಾನನ್ನು ಆತುರದಲ್ಲಿ ನಾನೇ ಉಲ್ಟಾ ಹಾಕಿದ್ದೆ, ಅದು ಬಿಸಿಗಾಳಿಯನ್ನು ಹೊರಗೆಳೆಯುವ ಬದಲು ಪರದೆಗೇ ಊದುತ್ತಿತ್ತು. ತಿರುಗಿಸಿ ಹಾಕಿದ ಮೇಲೆ ಮಚ್ಚೆ ಮೆಲ್ಲಗೆ ಮಾಯವಾಯಿತು.

ಮರುದಿನದಿಂದ ಅತ್ತೆಯ ಚಾವಣಿಯಲ್ಲಿ ರೈಲು ಓಡತೊಡಗಿತು. ಚಾಲಕನ ಜಾಗದಿಂದ ತೆಗೆದ ವಿಡಿಯೊಗಳು ಅವರಿಗೆ ಬಹಳ ಹಿಡಿಸಿದವು. ಹಳಿ, ಸೇತುವೆ, ಸುರಂಗ, ಮತ್ತೆ ಹಳಿ. “ಅಯ್ಯೋ, ಆ ಡ್ರೈವರ್ ಊಟ ಯಾವಾಗ ಮಾಡ್ತಾನೆ?” ಎಂದು ಅವರಿಗೆ ಚಿಂತೆ.

ಒಂದೇ ಒಂದು ತೊಂದರೆ ಉಳಿಯಿತು. ಪೆಟ್ಟಿಗೆ ಕಾದಂತೆ ಒಳಗಿನ ಪ್ಲಾಸ್ಟಿಕ್ ಹಾಳೆ ಬಾಗಿ ಚಿತ್ರ ಮಸುಕಾಗುತ್ತಿತ್ತು. ಮಸೂರವನ್ನು ಒಂದು ನೀರಿನ ಪೈಪಿನ ತುಂಡಿನೊಳಗೆ ಕೂರಿಸಿ, ಪೈಪು ಜಾರದಿರಲೆಂದು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದೆ. ಪೈಪು ಎಷ್ಟು ಬಿಗಿಯಾಗಿತ್ತೆಂದರೆ ಚಿತ್ರ ಸ್ಪಷ್ಟ ಮಾಡಲು ಎದ್ದು ನಿಂತು, ಬಗ್ಗಿ, ಪೆಟ್ಟಿಗೆಯನ್ನು ಒಂದು ತೋಳಲ್ಲಿ ತಬ್ಬಿ ಇನ್ನೊಂದು ಕೈಯಲ್ಲಿ ತಿರುಗಿಸಬೇಕು. ಪೆಟ್ಟಿಗೆ ಇದ್ದದ್ದು ಮಂಚದ ಕಾಲುದೆಸೆಯ ಸ್ಟೂಲಿನ ಮೇಲೆ. ಹಾಗಾಗಿ ದಿನಕ್ಕೆ ಹತ್ತು ಸಲ ಒಳಗಿನಿಂದ “ಮಸುಕಾಯ್ತು ಕಣೇ” ಎಂಬ ಕೂಗು. ನಾನು ಸೋಲ್ಡರ್ ಕಡ್ಡಿ ಕೆಳಗಿಟ್ಟು ಓಡುತ್ತಿದ್ದೆ. ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೂ ಓಡುತ್ತಿದ್ದೆ.

ಡಾಕ್ಟರು ಹೇಳಿದ ಅವಧಿ ಮುಗಿಯಿತು. ಅವರು ಬಂದು ನೋಡಿ, ಮೂಳೆ ಕೂಡಿದೆ, ಇನ್ನು ನಡೆಸಿ ಎಂದರು. ಅತ್ತೆಯನ್ನು ಎತ್ತಿ ಕೂರಿಸಿದರೆ ಕಿರುಚಿದರು, ನಿಲ್ಲಿಸಿದರೆ ಮೊಣಕಾಲು ಮಡಚಿಕೊಂಡು ನನ್ನ ಮೈಮೇಲೆ ಒರಗಿದರು. “ಭಯ ಇರುತ್ತೆ, ದಿನ ಹಿಡಿಯುತ್ತೆ” ಎಂದು ಡಾಕ್ಟರು ಹೊರಟರು. ಅದಾಗಿ ಕೆಲವು ದಿನಕ್ಕೆ ಆಸ್ಪತ್ರೆಯ ಮುಖ್ಯಸ್ಥರ ಫೋನ್ ಬಂತು. “ನಾಳೆ ಹೇಳ್ಬೇಕಮ್ಮ. ಇಲ್ಲಾಂದ್ರೆ ಬೇರೆಯವರನ್ನ ತಗೊಳ್ತೀವಿ.”

ನಾನು ಅತ್ತೆಯನ್ನೇ ನೇರವಾಗಿ ಕೇಳಿದೆ. “ಒಬ್ಬರೇ ಇರೋಕಾಗುತ್ತಾ?”

ಅವರು ಚಾವಣಿ ನೋಡುತ್ತಲೇ ಹೇಳಿದರು. “ನೀನು ಹೋಗು ತಾಯಿ. ಬಟ್ಟೆ ಒದ್ದೆಯಾದ್ರೂ ಸಂಜೆ ತನಕ ತಾನೆ. ಮಲಗಿರ್ತೀನಿ.”

ಹೀಗೆಂದ ಮೇಲೆ ಯಾವ ಮುಖ ಹೊತ್ತು ರೈಲು ಹತ್ತಲಿ? ಮರುದಿನ ಅವರ ಮಂಚದ ಅಂಚಿನಲ್ಲೇ ಕೂತು ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಫೋನ್ ಇಟ್ಟಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ. “ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸ್ಲಿ” ಎಂದರು. ನನ್ನ ಸೆರಗಿನಿಂದಲೇ ಒರೆಸಿದೆ. ಸಂಜೆ ಬಂದ ಗಂಡ ಸುದ್ದಿ ಕೇಳಿ ಅಡುಗೆಮನೆಗೆ ಹೋಗಿ, ಇಷ್ಟು ವರ್ಷದಲ್ಲಿ ಮೊದಲ ಸಲ ತಾವೇ ಚಹಾ ಮಾಡಿ ತಂದುಕೊಟ್ಟರು. ನೌಕರಿ ಹೋದರೂ ಮನೆಯವರಾದರೂ ನನ್ನ ಬೆಲೆ ಕಂಡರಲ್ಲ ಎಂದು ಆ ಹೊತ್ತಿನಲ್ಲಿ ನನಗೆ ಸಮಾಧಾನವಾಯಿತು.

ಮುಂದಿನ ವಾರ ಒಂದು ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದೆ. ಕೆಲಸದ ಗುಂಗಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಆಮೇಲೆ ಥಟ್ಟನೆ ಹೊಳೆಯಿತು, ಬೆಳಗಿನಿಂದ ಒಂದು ಸಲವೂ “ಮಸುಕಾಯ್ತು” ಎಂಬ ಕೂಗು ಬಂದಿಲ್ಲ. ಅತ್ತೆಗೆ ಏನಾದರೂ ಆಯಿತೇ ಎಂದು ಗಾಬರಿಯಾಗಿ ಒಳಗೆ ಹೋದೆ. ಅವರು ಆರಾಮವಾಗಿ ರೈಲು ನೋಡುತ್ತಿದ್ದರು. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಹಳಿಯ ನಡುವಿನ ಕಲ್ಲುಗಳನ್ನು ಎಣಿಸಬಹುದಿತ್ತು. ನನ್ನ ಕೈಗೆ ಅಷ್ಟು ಸ್ಪಷ್ಟ ಯಾವತ್ತೂ ಬಂದಿರಲಿಲ್ಲ.

“ಇವತ್ತು ಮಸುಕಾಗ್ಲಿಲ್ವಾ ಅತ್ತೆ?”

“ಇಲ್ಲಮ್ಮ. ನಿನ್ನ ಯಂತ್ರ ಪಳಗಿದೆ.”

ಹಸು ಪಳಗುತ್ತದೆ. ಕಾದ ಪ್ಲಾಸ್ಟಿಕ್ ಹಾಳೆ ಎಲ್ಲಿಂದ ಪಳಗಬೇಕು? ನಾನು ಕಟ್ಟಿದ ಪೆಟ್ಟಿಗೆ ನನಗೆ ಗೊತ್ತಿಲ್ಲವೇ? ಪೈಪು ನಾನು ಬಿಟ್ಟ ಜಾಗದಿಂದ ಹೆಬ್ಬೆರಳಿನಷ್ಟು ಮೇಲೆ ಬಂದಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ಪೆಟ್ಟಿಗೆಯ ಧೂಳು ಒರೆಸುವವಳಂತೆ ಬಗ್ಗಿ ಪೈಪನ್ನು ತಿರುಗಿಸಿ ಚಿತ್ರವನ್ನು ಮಸುಕು ಮಾಡಿದೆ, ಚಪ್ಪಲಿ ಸದ್ದು ಮಾಡುತ್ತ ಅಂಗಡಿಗೆ ಹೋದೆ, ಚಪ್ಪಲಿ ಕಳಚಿಟ್ಟು ಬಾಗಿಲ ಪರದೆಯ ಹಿಂದೆ ಬಂದು ನಿಂತೆ. ನನ್ನ ಅನುಮಾನ ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಅತ್ತೆ ಮಗ್ಗುಲಾದರು. ಕಾಲು ಕೆಳಗೆ ಬಿಟ್ಟರು. ಒಂದು ನರಳಿಕೆ ಇಲ್ಲ. ಎದ್ದು ನಿಂತು ಸೀರೆ ಸರಿಮಾಡಿಕೊಂಡು ಸ್ಟೂಲಿನವರೆಗೆ ನಡೆದು ಹೋದರು. ಬಗ್ಗಿದರು. ಪೆಟ್ಟಿಗೆಯನ್ನು ತೋಳಲ್ಲಿ ತಬ್ಬಿ, ಥೇಟ್ ನನ್ನ ಹಾಗೆಯೇ ನಾಲಿಗೆಯ ತುದಿ ಕಚ್ಚಿಕೊಂಡು ಪೈಪು ತಿರುಗಿಸಿದರು.

ನಾನು ಪರದೆ ಸರಿಸಿದೆ. ಅವರು ಬಗ್ಗಿದವರು ಬಗ್ಗಿದಲ್ಲೇ ನಿಂತರು.

“ಯಾವಾಗಿಂದ?” ಎಂದೆ.

ಅವರು ಹಿಂದೆ ಹೋಗಿ ಮಂಚದ ಮೇಲೆ ಕೂತರು. ಹೌದು, ಕೂತರು. “ಡಾಕ್ಟ್ರು ಬಂದು ಹೋದ್ರಲ್ಲ, ಆಮೇಲೆ.”

“ನಾನು ಫೋನ್ ಮಾಡೋಕೆ ಮುಂಚೆ.”

“ಹೂಂ.”

“ಒದ್ದೆಯಾದ್ರೂ ಮಲಗಿರ್ತೀನಿ ಅಂದ್ರಿ. ನನ್ನ ಕೈ ಹಿಡ್ಕೊಂಡು ಅತ್ರಿ.”

“ಅತ್ತಿದ್ದು ಸುಳ್ಳಲ್ಲ ಕಣೇ.”

“ಬೆಡ್‌ಪ್ಯಾನ್ ಎತ್ತಿಸಿದ್ರಲ್ಲ ನನ್ನ ಕೈಲಿ, ಅದು?”

ಅದಕ್ಕೆ ಅವರು ತಲೆ ತಗ್ಗಿಸಿದರು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಣ್ಣಿಗೆ ಮಣ್ಣೆರಚಿದಿರಿ ಎಂದೆ, ನಂಬಿದವಳ ಕುತ್ತಿಗೆ ಕೊಯ್ದಿರಿ ಎಂದೆ. ನನಗೆ ಉಸಿರು ಸೋತ ಮೇಲೆ ಅವರು ಮೆಲ್ಲಗೆ ಹೇಳಿದರು.

“ನೀನು ರೈಲು ಹತ್ತಿದ್ರೆ ಬೆಳಿಗ್ಗೆಯಿಂದ ಸಂಜೆ ತನಕ ನಾನು ಯಾರ ಹತ್ರ ಮಾತಾಡ್ಲಿ? ನನ್ನ ಜೊತೆ ಕೂತು ನೀನು ಇಷ್ಟು ನಕ್ಕಿದ್ದು ಈ ಪೆಟ್ಟಿಗೆ ಕಟ್ಟೋವಾಗ ಮಾತ್ರ.”

“ಹೋಗಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತು.”

“ಹೇಳಿದ್ರೆ ನಿಲ್ತಿದ್ದೆಯಾ?”

“ಇಲ್ಲ.”

“ಅದಕ್ಕೇ ಹೇಳ್ಲಿಲ್ಲ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಈ ಸಲ ನಾನು ಒರೆಸಲಿಲ್ಲ.

ಅಂಗಡಿಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿದೆ. ಮುಖ್ಯಸ್ಥರೇ ಎತ್ತಿದರು. ಮೊನ್ನೆಯಷ್ಟೇ ಒಬ್ಬರು ಸೇರಿಕೊಂಡರಂತೆ. “ಮತ್ತೆ ಖಾಲಿಯಾದ್ರೆ ಖಂಡಿತ ಹೇಳ್ತೀನಮ್ಮ” ಎಂದರು, ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಿತ್ತು. ಫೋನ್ ಇಡುವ ಮುಂಚೆ, “ನಿಮ್ಮ ಅತ್ತೆ ಹೇಗಿದ್ದಾರೆ?” ಎಂದು ವಿಚಾರಿಸಿದರು.

“ನಡೀತಿದ್ದಾರೆ.”

“ಒಳ್ಳೇದಾಯ್ತು ಬಿಡಿ. ನೀವು ಮಾಡಿದ ಸೇವೆ ಸುಮ್ನೆ ಹೋಗ್ಲಿಲ್ಲ.”

ಸಂಜೆಯವರೆಗೆ ಅಂಗಡಿಯ ಹೊಸ್ತಿಲಲ್ಲಿ ಕೂತಿದ್ದೆ. ಮುದುಕಿಗೆ ಒಂಟಿತನದ ಹೆದರಿಕೆ, ಅದಕ್ಕೆ ನಾಟಕವಾಡಿದಳು ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ ಸಿಟ್ಟು ಇಳಿಯಲಿಲ್ಲ. ಗಂಡ ಬರಲಿ ಎಂದು ಕಾಯುತ್ತಿದ್ದೆ. ಅವರಿಗೆ ಹೇಳಿದರೆ ಕೂಗಾಡಿಯಾರು, ತಾಯಿಯೆಂದೂ ನೋಡದೆ ನಾಲ್ಕು ಮಾತು ಅಂದಾರು. ಈ ಮನೆಯಲ್ಲಿ ನನ್ನ ಪರವಾಗಿ ಸಿಟ್ಟಾಗುವವರು ಒಬ್ಬರಾದರೂ ಬೇಕಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ಹೊಸ್ತಿಲಲ್ಲಿ ನನ್ನ ಪಕ್ಕದಲ್ಲೇ ಕೂತು ಶೂ ಲೇಸಿಗೆ ಕೈ ಹಾಕಿದರು.

“ರೀ, ನಿಮ್ಮಮ್ಮ ಎದ್ದು ಓಡಾಡ್ತಾರೆ” ಎಂದೆ.

ಲೇಸು ಬಿಚ್ಚುತ್ತಿದ್ದ ಬೆರಳುಗಳು ನಿಂತವು. ಹೌದಾ ಎನ್ನಲಿಲ್ಲ, ಯಾವಾಗಿನಿಂದ ಎಂದೂ ಕೇಳಲಿಲ್ಲ. ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

“ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ, ನೀವೂ ಹೇಳಲಿಲ್ಲ” ಎಂದೆ.